ಹದಿನೇಳಿಂಚಿನ ಭಾವ

ನಮ್ಮ ಭಾವ ಬೈಕು ತಗೊಳ್ಳುತ್ತಿದ್ದಾರೆ. 2019ರಿಂದ ತಗೊಳ್ಳುತ್ತಲೇ ಇದ್ದಾರೆ. ವ್ಯಾಕರಣ ಬಲ್ಲವರು ಇದನ್ನು ವರ್ತಮಾನಕಾಲ ಅಂದಾರು. ಅಕ್ಕ ಮಾತ್ರ ಇದು ಕೇಡುಗಾಲ ಅನ್ನುತ್ತಾಳೆ.

ಈ ತಳಿಯವರನ್ನು ನೀವೂ ನೋಡಿರುತ್ತೀರಿ. ಬೀದಿಗೊಬ್ಬರು, ಆಫೀಸಿಗೊಬ್ಬರು ಇದ್ದೇ ಇರುತ್ತಾರೆ. ಊರವರ ಜಾತಕವನ್ನೆಲ್ಲ ಹೊಂದಿಸಿಕೊಟ್ಟು ತಾವು ಮಾತ್ರ ಬ್ರಹ್ಮಚಾರಿಯಾಗಿ ಉಳಿದ ಶಾಸ್ತ್ರಿಗಳ ಹಾಗೆ ಇವರು. ಭಾವನ ಸಲಹೆ ಕೇಳಿ ಬೈಕು ಕೊಂಡವರು ನನಗೆ ಗೊತ್ತಿದ್ದಂತೆ ಹನ್ನೊಂದು ಜನ. ಅವರಲ್ಲಿ ಇಬ್ಬರು ಕೊಂಡು, ಓಡಿಸಿ, ಮಾರಿ, ಕಾರಿಗೆ ಬಡ್ತಿಯನ್ನೂ ಪಡೆದಾಯಿತು. ಭಾವ ಇವತ್ತಿಗೂ ಅಕ್ಕನ ಸ್ಕೂಟರಿನಲ್ಲೇ ಆಫೀಸಿಗೆ ಹೋಗುತ್ತಾರೆ. ಮುಂದಿನ ಕೊಕ್ಕೆಗೆ ಊಟದ ಬ್ಯಾಗು, ಬಾಯಲ್ಲಿ ಟಾರ್ಕಿನ ಮಾತು.

ಅವರಿಗೆ ಬೇಕಾಗಿರುವುದು ಸೂಪರ್‌ಮೋಟೊ. ಹಾಗಂದರೇನು ಭಾವ ಅಂತ ಬಿಡದಿಯಲ್ಲಿ ತಟ್ಟೆ ಇಡ್ಲಿ ಮುಂದೆ ಕೂತಿದ್ದಾಗ ಒಮ್ಮೆ ಬಾಯಿ ತಪ್ಪಿ ಕೇಳಿಬಿಟ್ಟೆ. ಭಾವ ನನ್ನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಇದು ಮಣ್ಣಲ್ಲಿ ಓಡಿಸೋ ಬೈಕಿನ ಮುಂದಿನ ಚಕ್ರ. 21 ಇಂಚು," ಅಂತ ಇಡ್ಲಿಯನ್ನು ಅಂಚಿನ ಮೇಲೆ ನಿಲ್ಲಿಸಿದರು. "ಕಲ್ಲು ಹತ್ತುತ್ತೆ, ಗುಂಡಿ ದಾಟುತ್ತೆ. ಟಾರ್ ರೋಡಲ್ಲಿ ತಿರುಗೋದಕ್ಕೆ ಮಾತ್ರ ಸೋಮಾರಿ." ಆಮೇಲೆ ಇಡ್ಲಿಯನ್ನು ಮಲಗಿಸಿ, ಕಾಫಿ ಲೋಟ ಬೋರಲು ಹಾಕಿ ಒತ್ತಿ, ನಡುವಿನ ಬಿಲ್ಲೆಯನ್ನು ಬಿಡಿಸಿಕೊಂಡರು. "ಈಗ ಇದು 17 ಇಂಚು. ಚಕ್ರ ಚಿಕ್ಕದು, ಟೈರು ಅಗಲ, ರಸ್ತೆಯ ಹಿಡಿತ ಜೋರು. ಹಿಂದೆ ಮುಂದೆ ಎರಡಕ್ಕೂ ಇದೇ." ಉದ್ದಿನ ವಡೆಯನ್ನು ಅದಕ್ಕೆ ಒರಗಿಸಿ, "ಇದು ಡಿಸ್ಕು. ಮಣ್ಣಿನ ಬೈಕಿಗೆ ಇಷ್ಟು ದೊಡ್ಡದು ಬೇಕಿಲ್ಲ, ಇದಕ್ಕೆ ಬೇಕು. ಮಿಕ್ಕಿದ್ದೆಲ್ಲ ಹಂಗೇ. ಉದ್ದ ಸಸ್ಪೆನ್ಷನ್, ಅಗಲ ಹ್ಯಾಂಡಲ್, ಒಂದೇ ಸಿಲಿಂಡರ್, ಕಡಿಮೆ ತೂಕ. ಅರ್ಥ ಆಯ್ತೇನೋ?"

ಅರ್ಥವಾಯಿತು. ನನ್ನ ಪಾಲಿಗೆ ಇಡ್ಲಿಯ ಅಂಚು ಮಾತ್ರ ಉಳಿದಿದೆ ಅನ್ನುವುದೂ ಅರ್ಥವಾಯಿತು.

ಚರಿತ್ರೆ ಹೇಳದೆ ಭಾವ ಬಿಲ್ಲು ಕೊಡುವವರಲ್ಲ. 1979ರಲ್ಲಿ ಅಮೆರಿಕದ ಎಬಿಸಿ ಟಿವಿಯವರು ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್‌ನಲ್ಲಿ 'ಸೂಪರ್‌ಬೈಕರ್ಸ್' ಅಂತ ಒಂದು ಪಂದ್ಯ ನಡೆಸಿದರು. ಮಣ್ಣುದಿಬ್ಬದ ಮೇಲಿಂದ ಹಾರಿಸುವವನು ದೊಡ್ಡವನೋ, ಮಣ್ಣಿನ ಟ್ರ್ಯಾಕಿನಲ್ಲಿ ಅಡ್ಡಡ್ಡ ಜಾರಿಸುವವನೋ, ಟಾರಿನ ಮೇಲೆ ಮೊಣಕಾಲು ತಾಗಿಸುವವನೋ ಅಂತ ಒಂದು ಜಗಳ. ಮೂರನ್ನೂ ಒಂದೇ ಟ್ರ್ಯಾಕಿನಲ್ಲಿ ಇಟ್ಟು ಮೂವರನ್ನೂ ಬಿಟ್ಟರು. ಮೂರಕ್ಕೂ ಹೊಂದುವ ಗಾಡಿ ಅಂಗಡಿಯಲ್ಲಿ ಇರಲಿಲ್ಲ, ಹಾಗಾಗಿ ಮಣ್ಣಿನ ಬೈಕಿಗೆ ರಸ್ತೆಯ ಟೈರು ಬಂತು. 1985ರ ಹೊತ್ತಿಗೆ ಆ ಕಾರ್ಯಕ್ರಮ ನಿಂತಿತು, ಅಷ್ಟರಲ್ಲಿ ಫ್ರಾನ್ಸಿನವರು ಹುಚ್ಚು ಹಿಡಿಸಿಕೊಂಡಿದ್ದರು.

"ಪಾಪ, ಅವರು ಟಿವಿಗೋಸ್ಕರ ಮಣ್ಣು ಹೊಯ್ದು, ದಿಬ್ಬ ಕಟ್ಟಿ ಟ್ರ್ಯಾಕ್ ಮಾಡಬೇಕಾಯ್ತು," ಅಂತ ಭಾವ ಕೈ ತೊಳೆಯುತ್ತ ಹೇಳಿದರು. "ನಮ್ಮ ಮನೆಯಿಂದ ಮೇನ್ ರೋಡಿಗೆ ಆ ಮೂರೂ ಪುಕ್ಕಟೆ."

ಇಷ್ಟರಮಟ್ಟಿಗೆ ಭಾವನ ಮಾತನ್ನು ನಾನೂ ಒಪ್ಪುತ್ತೇನೆ. ವಿಜಯನಗರದ ಅವರ ಅಡ್ಡರಸ್ತೆಯಲ್ಲಿ ಮೊದಲು ಟಾರು, ಆಮೇಲೆ ಪೈಪಿನವರು ಅಗೆದು ಮುಚ್ಚಿದ ಮಣ್ಣು, ಆಮೇಲೆ ಕೇಬಲ್ಲಿನವರು ಅಗೆದು ಮುಚ್ಚದ ಮಣ್ಣು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇದ್ದು ಎಮ್ಮೆ ಬೆನ್ನಿನ ಹಾಗೆ ನುಣ್ಣಗೆ ಏರಿ ಇಳಿಯಬೇಕು. ಈ ಬೀದಿಯದು ಯಾರದೋ ಮನೆ ತಾರಸಿಗೆ ಹಾಕಿ ಮಿಕ್ಕ ಕಾಂಕ್ರೀಟಿನಲ್ಲಿ ರಾತ್ರೋರಾತ್ರಿ ಎದ್ದದ್ದು, ಎತ್ತಿನ ಡುಬ್ಬದ ಹಾಗಿದೆ. ಇಂಥಲ್ಲಿ ಬಗ್ಗಿ ಕೂರುವ ರೇಸ್ ಬೈಕು ಸೊಂಟಕ್ಕೆ ಶತ್ರು. ನೆಟ್ಟಗೆ ಕೂತು, ಬಸ್ಸಿನ ಕಿಟಕಿಯೆತ್ತರದಿಂದ ಮುಂದಿನ ಮೂರು ಕಾರುಗಳಾಚೆ ನೋಡುತ್ತ, ಅಗಲ ಹ್ಯಾಂಡಲನ್ನು ಒಂದಿಷ್ಟು ತಳ್ಳಿದರೆ ಸಾಕು, ಆಟೋ ಮತ್ತು ಹಸುವಿನ ನಡುವೆ ನುಸುಳಿಬಿಡುವ ಗಾಡಿ ಬೆಂಗಳೂರಿಗೆ ಹೇಳಿ ಮಾಡಿಸಿದ್ದೇ. ತೊಂದರೆ ಇರುವುದು ಗಾಡಿಯಲ್ಲಲ್ಲ, ಭಾವನ ಕಾಲಿನಲ್ಲಿ.

ಭಾವನ ಒಳಗಾಲು 29 ಇಂಚು. ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಮಗಳ ಸಮಾಜ ವಿಜ್ಞಾನದ ಪುಸ್ತಕ ಸಿಕ್ಕಿಸಿಕೊಂಡು, ನನ್ನಿಂದ ಟೇಪು ಹಿಡಿಸಿ ಅಳೆಸಿದ್ದು. ಅಂದರೆ 737 ಮಿಲಿಮೀಟರ್. ಅವರ ಮೊದಲ ಪ್ರೇಮ ಸುಜುಕಿ ಡಿಆರ್-ಝಡ್400ಎಸ್ಎಂ. ಅದರ ಸೀಟು 890. ಅದು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ, ಹಾಗಾಗಿ ಆ ಪ್ರೇಮ ಪವಿತ್ರವಾಗಿಯೇ ಉಳಿಯಿತು. ಕೈಗೆ ಸಿಗುವಂಥದ್ದು ಅಂದರೆ 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200. ಅದರದು 823. ಮುಂದೆ 21, ಹಿಂದೆ 18 ಇಂಚಿನ ಚಕ್ರ, ಅವನ್ನು ಕಿತ್ತು 17 ಹಾಕಿಸಿಕೊಂಡರೆ ಬಡವರ ಸೂಪರ್‌ಮೋಟೊ. ಸಿರಿವಂತರದ್ದು ಡುಕಾಟಿ ಹೈಪರ್‌ಮೊಟಾರ್ಡ್ 698 ಮೋನೊ. 659 ಸಿಸಿಯ ಒಂಟಿ ಸಿಲಿಂಡರಿನಲ್ಲಿ 77.5 ಹಾರ್ಸ್‌ಪವರ್, ಬೆಲೆ 16 ಲಕ್ಷಕ್ಕೂ ಮೇಲೆ, ಸೀಟು 904.

ಶೋರೂಮಿನಲ್ಲಿ ಎಕ್ಸ್‌ಪಲ್ಸ್ ಮೇಲೆ ಹತ್ತಿದ ಭಾವ, ಅಂಗಡಿಯ ಹುಡುಗ ಅತ್ತ ತಿರುಗಿದ ಕೂಡಲೇ ನನ್ನ ಭುಜ ಹಿಡಿದುಕೊಂಡರು. ಎಡಗಾಲಿನ ಹೆಬ್ಬೆರಳು ನೆಲಕ್ಕೆ ತಾಗಿತ್ತು. ಬಲಗಾಲು ಆಕಾಶವಾಣಿ. "ಕೂತ್ರೆ ಸಸ್ಪೆನ್ಷನ್ ಒಂದಿಷ್ಟು ಇಳಿಯುತ್ತೆ ಕಣೋ. ಸೀಟೂ ಕಿರಿದು, ತೊಡೆ ಅಗಲಿಸೋ ಹಂಗಿಲ್ಲ. ಅಭ್ಯಾಸ ಆದ್ರೆ ಎಲ್ಲ ಸರಿಹೋಗುತ್ತೆ," ಅಂದರು. ಮಾತು ನಿಜವೇ. ಆದರೆ ಆಡಿದ್ದು ನನ್ನ ಭುಜದ ಮೇಲೆ ಭಾರ ಬಿಟ್ಟುಕೊಂಡು.

ಅಭ್ಯಾಸ ಶುರುವಾಯಿತು. ಟೇಪು ಹಿಡಿದು ಮನೆಯೆಲ್ಲ ಅಳೆದ ಭಾವನಿಗೆ ಕಾಂಪೌಂಡ್ ಗೋಡೆ ಸರಿಯಾಗಿ 823 ಅಂತ ಗೊತ್ತಾದ ದಿನ ಅವರ ಮುಖದಲ್ಲಿದ್ದ ಕಳೆ ಮಗಳು ಹುಟ್ಟಿದಾಗಲೂ ಇರಲಿಲ್ಲವಂತೆ. ಅಂದಿನಿಂದ ದಿನಾ ಸಂಜೆ ಆಫೀಸಿನಿಂದ ಬಂದು, ಕಾಫಿ ಕುಡಿದು, ಲುಂಗಿ ಬಿಟ್ಟು ಪ್ಯಾಂಟಿನಲ್ಲೇ ಗೋಡೆ ಹತ್ತಿ ಆಕಡೆ ಒಂದು ಕಾಲು ಈಕಡೆ ಒಂದು ಕಾಲು ಇಳಿಬಿಟ್ಟು ಕೂರುತ್ತಾರೆ. ಎರಡೂ ಕೈ ಗಾಳಿಯಲ್ಲಿ ಅಗಲಕ್ಕೆ, ಮೊಣಕೈ ಎತ್ತರಕ್ಕೆ. ತಿರುವಿನಲ್ಲಿ ಸೂಪರ್‌ಮೋಟೊದವರು ಒಳಗಿನ ಕಾಲನ್ನು ಮುಂದಕ್ಕೆ ಚಾಚುತ್ತಾರೆ. ಭಾವನೂ ಚಾಚುತ್ತಾರೆ, ಗುಲಾಬಿ ಕುಂಡದ ಕಡೆಗೆ. ಪಕ್ಕದ ಮನೆಯ ಅಜ್ಜಿ ಮೊದಲ ದಿನ, "ಯಾಕಪ್ಪಾ, ಮನೆ ಕೀ ಕಳ್ಕೊಂಡ್ಯಾ?" ಅಂತ ಕೇಳಿದರು. ಎರಡನೇ ದಿನ ಅಕ್ಕನನ್ನು ಒಳಗೆ ಕರೆದು, "ಏನಾದ್ರೂ ಜಗಳ ಆಡಿದ್ಯೇನೇ?" ಅಂದರು.

"ಬೈಕಾದ್ರೆ ಕೂತಾಗ ಇಳಿಯುತ್ತೆ ಅಂತೀರಿ. ಗೋಡೆ ಇಳಿಯಲ್ವಲ್ರೀ," ಅಂದಳು ಅಕ್ಕ.

"ಅದಕ್ಕೇ ಹೇಳಿದ್ದು, ಇದು ಕಷ್ಟದ ಅಭ್ಯಾಸ ಅಂತ."

ಅಕ್ಕನ ಪ್ರಶ್ನೆ ಒಂದೇ, ಆರು ವರ್ಷದಿಂದಲೂ ಅದೇ: ನಾನೆಲ್ಲಿ ಕೂತ್ಕೊಳ್ಳಲಿ? ಸೂಪರ್‌ಮೋಟೊ ಸೀಟು ಅನ್ನುವುದು ಕೊಬ್ಬರಿ ತುರಿಯುವ ಈಳಿಗೆ ಮಣೆಯ ಅಗಲ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡಲು ಜಾಗ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಅರ್ಧ ಚಕ್ರಕ್ಕಾದರೂ ತಡೆ ಇರಬೇಕು ಅಂತ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. "ಸೂಪರ್‌ಮೋಟೊಗೆ ಸೀರೆ ಗಾರ್ಡಾ?" ಅಂತ ಭಾವ ನೊಂದ ದನಿಯಲ್ಲಿ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗೊಮ್ಮಟನಿಗೆ ಅಂಗಿ ತೊಡಿಸುತ್ತೀರಾ ಅಂತ ಕೇಳಿದ ಹಾಗಿತ್ತು.

ಬೈಕಿಲ್ಲ ಅಂದೆನಲ್ಲ, ಬೈಕಿಗೆ ಬೇಕಾದ ಮಿಕ್ಕಿದ್ದೆಲ್ಲ ಇದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಇಲ್ಲಿ ಕುಲಾವಿಗೆ ಒಂದು ಬೀರುವೇ ಬೇಕಾಯಿತು. ಮೂತಿ ಮುಂದೆ ಚಾಚಿದ ಹೆಲ್ಮೆಟ್ಟು, ಮೊಣಕಾಲಿನ ಕವಚ, ಗಟ್ಟಿ ಅಡಿಯ ಬೂಟು. ಬೂಟಿನ ಅಡಿ ದಪ್ಪವಿರುವುದು ರಕ್ಷಣೆಗೆ ಅನ್ನುತ್ತಾರೆ ಭಾವ. ಅದರಲ್ಲಿ ಒಂದೂವರೆ ಇಂಚು ಎತ್ತರ ಸಿಗುತ್ತದೆ ಅನ್ನುವುದು ಟೇಪು ಹಿಡಿದ ನನಗೆ ಗೊತ್ತು. ಭಾನುವಾರ ಬೆಳಿಗ್ಗೆ ಇಷ್ಟನ್ನೂ ತೊಟ್ಟು, ಸ್ಕೂಟರ್ ಹತ್ತಿ, ಬಿಡದಿಗೆ ಇಡ್ಲಿಗೆ ಹೊರಡುತ್ತೇವೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ನಡುರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರದವರಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಪ್ರತಿ ಗುಂಡಿಯಲ್ಲೂ ಸ್ಕೂಟರ್ ಕುಟ್ಟಿದಾಗ ಹೆಲ್ಮೆಟ್ಟಿನೊಳಗಿಂದ ಒಂದು ದನಿ ಬರುತ್ತದೆ: "ಇಲ್ಲಿ ಅದಿರಬೇಕಿತ್ತು!"

ಭಾವನ ಮಾತನ್ನು ಅಕ್ಷರಶಃ ನಡೆಸಿಕೊಟ್ಟವನು ನನ್ನ ಚಿಕ್ಕಪ್ಪನ ಮಗ. ಎಕ್ಸ್‌ಪಲ್ಸ್ ಕೊಂಡ, ತಿಂಗಳೊಳಗೆ ಒಂದು ಗ್ಯಾರೇಜಿನಲ್ಲಿ ಎರಡೂ ಕಡೆ 17 ಇಂಚಿನ ರಿಮ್ಮು, ದಪ್ಪ ಟೈರು ಹಾಕಿಸಿದ. ತಿರುಗಿಸುವಾಗ ಬೆಣ್ಣೆಯ ಹಾಗಿತ್ತು, ಸುಳ್ಳು ಹೇಳಬಾರದು. ಆದರೆ ಚಕ್ರ ಚಿಕ್ಕದಾದಾಗ ಗಾಡಿ ನೆಲಕ್ಕೆ ಇಳಿಯುತ್ತದೆ, ಸೈಡ್ ಸ್ಟ್ಯಾಂಡು ಮಾತ್ರ ಇದ್ದಷ್ಟೇ ಉದ್ದ ಇರುತ್ತದೆ. ಇದು ಭಾವನಿಗೂ ಹೊಳೆದಿರಲಿಲ್ಲ, ಗ್ಯಾರೇಜಿನವನೂ ಹೇಳಿರಲಿಲ್ಲ. ಸ್ಟ್ಯಾಂಡ್ ಹಾಕಿದರೆ ಗಾಡಿ ಪಕ್ಕಕ್ಕೆ ಒರಗುವ ಬದಲು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ನೆಟ್ಟಗೆ ನಿಂತಿತು. ನಾವು ಟೀ ಕುಡಿಯುತ್ತಿದ್ದೆವು. ಒಂದು ನಾಯಿ ಬಂದು ಹಿಂದಿನ ಚಕ್ರ ಮೂಸಿ, ತನ್ನ ಕೆಲಸಕ್ಕೆಂದು ಕಾಲೆತ್ತಿ ಮೈ ತಾಗಿಸಿತು. ಗಾಡಿ ಆಕಡೆಗೆ ನಿಧಾನವಾಗಿ, ಬಹಳ ಗಾಂಭೀರ್ಯದಿಂದ, ಎಳನೀರಿನ ರಾಶಿಯ ಮೇಲೆ ಮಲಗಿತು. ಎಳನೀರಿನವನಿಗೆ ದುಡ್ಡು ಕೊಟ್ಟು ಹೊರಟರೆ ಸಿಗ್ನಲ್ಲಿನಲ್ಲಿ ಪೊಲೀಸಪ್ಪ ಬಗ್ಗಿ ನೋಡಿ, "ಚಕ್ರ ಯಾಕೋ ಕುಳ್ಳಗಿದೆ?" ಅಂದ.

"ಸೂಪರ್‌ಮೋಟೊ ಸಾರ್."

"ಆರ್‌ಸಿ ತೆಗಿ."

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಾಗದದಲ್ಲಿರುವುದಕ್ಕೂ ಗಾಡಿಗೂ ತಾಳೆಯಾಗಬೇಕು. ಚಿಕ್ಕಪ್ಪನ ಮಗ ಆ ವಾರವೇ ಹಳೇ ಚಕ್ರ ಹಾಕಿಸಿದ. ಬಿಚ್ಚಿದ ಎರಡು ರಿಮ್ಮು ಈಗ ಭಾವನ ಮನೆಯಲ್ಲಿವೆ. ಒಂದರ ಮೇಲೆ ಅಕ್ಕ ಸಂಡಿಗೆ ಬಟ್ಟೆ ಕಟ್ಟಿ ಒಣಗಿಸುತ್ತಾಳೆ.

ಅಕ್ಕನ ಮಾವನವರು ಮೈಸೂರಿನಿಂದ ಬಂದಾಗ ಈ ಗೋಡೆ ಸವಾರಿಯನ್ನು ಎರಡು ಸಂಜೆ ಮಾತಿಲ್ಲದೆ ನೋಡಿದರು. ಅವರ ಕಾಲದಲ್ಲಿ ಅವರೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್ ಇತ್ತು. ಅದರ ಮೇಲೆ ಅವರು, ಹೆಂಡತಿ, ಟ್ಯಾಂಕಿನ ಮೇಲೆ ಇದೇ ಭಾವ, ನಡುವೆ ಅರ್ಧ ಮೂಟೆ ಅಕ್ಕಿ. ಹೇಗೆ ಆರಿಸಿದಿರಿ ಅಂತ ಕೇಳಿದೆ.

"ಆರಿಸೋದೇನು ಬಂತು? ಎರಡು ಬಣ್ಣ ಇತ್ತು. ಕೆಂಪು ಬೇಡ ಅಂದ್ಲು ಇವರಮ್ಮ." ಒಂದು ಕ್ಷಣ ಬಿಟ್ಟು ಮುಂದುವರಿಸಿದರು: "ಅದರಲ್ಲಿ ಕಿಕ್ಕರು, ಗೇರು ಎರಡಕ್ಕೂ ಒಂದೇ ಕಡ್ಡಿ. ಒಂದರಲ್ಲೇ ಎರಡು ಕೆಲಸ ಆಗ್ತಿತ್ತು. ಇವನಿಗೂ ಒಂದರಲ್ಲೇ ಎರಡು ಬೈಕು ಬೇಕಂತೆ. ಒಂದೂ ಬರ್ತಿಲ್ಲ."

ಕಳೆದ ತಿಂಗಳು ಮನೆ ಓನರ್ರು ಇದ್ದಕ್ಕಿದ್ದಂತೆ ಗಾರೆಯವರನ್ನು ಕರೆಸಿದರು. ಸಂಜೆ ಹೊತ್ತು ಯಾರೋ ಗೋಡೆ ಮೇಲೆ ಕೂತು ಕೈಕಾಲು ಆಡಿಸುತ್ತಾರೆ ಅಂತ ಬೀದಿಯವರು ದೂರು ಕೊಟ್ಟಿದ್ದರಂತೆ. ಕೂರುವವರು ತಮ್ಮ ಬಾಡಿಗೆದಾರರೇ ಅನ್ನುವುದು ಅವರಿಗೆ ಹೊಳೆದಿರಲಿಲ್ಲ. ಒಂದು ವರಸೆ ಇಟ್ಟಿಗೆ ಏರಿಸಿ, ಗಾರೆ ಬಳಿದು, ಇನ್ನು ಯಾವನೂ ಹತ್ತಲಾರ ಅಂತ ಹೇಳಿ ಹೋದರು. ಭಾವನ ಎದೆಗೆ ಪೆಟ್ಟಾಗಿರಬಹುದು ಅಂತ ನಾನು ಸಮಾಧಾನ ಹೇಳಲು ಹೋದೆ. ಅವರು ಟೇಪು ಹಿಡಿದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು.

"904," ಅಂದರು, ದನಿ ನಡುಗುತ್ತಿತ್ತು. "ಲೋ, ಇದು ಈಗ ಡುಕಾಟಿ ಕಣೋ!"

ನಾನು ಹೆಗಲು ಕೊಟ್ಟೆ, ಹತ್ತಿದರು. ಬೂಟು ಹಾಕಿದ್ದರೂ ಎರಡೂ ಕಾಲು ಗಾಳಿಯಲ್ಲಿ. ಕೈ ಅಗಲಿಸಿ, ಕಣ್ಣು ಮುಚ್ಚಿ, ಗಂಟಲಿನಿಂದ ಒಂಟಿ ಸಿಲಿಂಡರಿನ ಸದ್ದು ಹೊರಡಿಸಿದರು. ಒಳಗಿನಿಂದ ಅಕ್ಕ ಕೂಗಿದಳು: "ರೀ, ಇಳೀರಿ. ಹಾಲು ಒಡೆದು ಹೋಗಿದೆ, ಒಂದು ಲೀಟರ್ ತನ್ನಿ."

ಭಾವ ಆಕಡೆ ನೋಡಿದರು, ಈಕಡೆ ನೋಡಿದರು. ಆಮೇಲೆ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು: "ಅಡುಗೆ ಮನೇಲಿ ಒಂದು ಮಣೆ ಇದೆ, ತಗೊಂಡ್ ಬಾರೋ. ಅಕ್ಕಂಗೆ ಗೊತ್ತಾಗಬಾರದು."