ಕಬ್ಬಿಣದ ದವಡೆಯ ಮೋಹ

ಅಮೆರಿಕದ ಹಳ್ಳಿಗಾಡಿನಲ್ಲಿ ನಾಲ್ಕಾರು ಎಕರೆ ಜಮೀನನ್ನೂ 25ರಿಂದ 40 ಅಶ್ವಶಕ್ತಿಯ ಪುಟ್ಟ ಟ್ರ್ಯಾಕ್ಟರನ್ನೂ ಹೊಂದಿದ ಗೃಹಸ್ಥನಿಗೆ ಒಂದಲ್ಲ ಒಂದು ದಿನ ಗ್ರಾಪಲ್ಲಿನ ಮೋಹ ಹಿಡಿಯುತ್ತದೆ. ಗ್ರಾಪಲ್ ಎಂದರೆ ಟ್ರ್ಯಾಕ್ಟರಿನ ಮುಂದಿರುವ ಲೋಡರ್ ತೋಳುಗಳಿಗೆ ಬಕೆಟ್ಟಿನ ಬದಲು ಸಿಕ್ಕಿಸುವ, ಕೆಳಗೆ ಹಲ್ಲುಗಳೂ ಮೇಲೆ ಹೈಡ್ರಾಲಿಕ್ ಬಲದಿಂದ ಮುಚ್ಚಿಕೊಳ್ಳುವ ದವಡೆಯೂ ಇರುವ ಕಬ್ಬಿಣದ ಬಾಯಿ. ಕಡಿದ ರೆಂಬೆ, ಬೇರು, ಬಂಡೆ ಯಾವುದನ್ನು ಕೊಟ್ಟರೂ ಅದು ಕಚ್ಚಿ ಹಿಡಿಯುತ್ತದೆ, ಅಗಿಯದು ಎಂಬುದೊಂದೇ ಕೊರತೆ.

ಈ ಬಾಯಿ ಮನೆಗೆ ಬಂದ ಮೇಲೆ, ಅದನ್ನು ತೆರೆದು ಮುಚ್ಚಲು ಬೇರೆಯೇ ಒಂದು ಎಣ್ಣೆಯ ದಾರಿ ಬೇಕೆಂಬ ಜ್ಞಾನೋದಯವಾಗುತ್ತದೆ. ತೋಳನ್ನು ಎತ್ತಿಳಿಸುವುದು ಲೋಡರಿನ ಮೊದಲ ಕೆಲಸ, ಬಕೆಟ್ಟನ್ನು ಬಗ್ಗಿಸುವುದು ಎರಡನೆಯದು. ದವಡೆಗಾಗಿ ಕೂಡಿಸುವ ಹೆಚ್ಚುವರಿ ವಾಲ್ವಿಗೆ ಆದ್ದರಿಂದಲೇ ‘ಥರ್ಡ್ ಫಂಕ್ಷನ್’ ಎಂಬ ಹೆಸರು, ಬೇರೆಯದೇ ಬೆಲೆ. ಕುದುರೆ ಕೊಂಡವನು ಲಗಾಮಿಗೆ ಮತ್ತೆ ಸಾಲ ಮಾಡಿದ ಹಾಗೆ.

ತೂಕದ ಲೆಕ್ಕ ಇನ್ನೂ ನಿಷ್ಕರುಣವಾದುದು. 450 ಕಿಲೋ ಎತ್ತಬಲ್ಲ ಲೋಡರಿಗೆ 180 ಕಿಲೋ ತೂಗುವ ಗ್ರಾಪಲ್ಲನ್ನು ತಗುಲಿಸಿದರೆ ದಿಮ್ಮಿಯ ಪಾಲಿಗೆ ಹೆಚ್ಚೆಂದರೆ 270 ಕಿಲೋ ಉಳಿಯುತ್ತದೆ, ಹೊರೆ ಮುಂದಕ್ಕೆ ಚಾಚಿದಷ್ಟೂ ಅದೂ ಕರಗುತ್ತದೆ. ಹಿಂಬದಿಗೆ ಸಾಕಷ್ಟು ಪ್ರತಿಭಾರ, ಅಂದರೆ ಮುಂದಿನ ಹೊರೆಯನ್ನು ಸರಿತೂಗಿಸುವ ತೂಕ, ಕಟ್ಟದಿದ್ದರಂತೂ ಹಿಂದಿನ ಚಕ್ರಗಳು ನೆಲ ಬಿಟ್ಟೇಳುತ್ತವೆ. ಆಗ ಆಸನದಲ್ಲಿರುವವನಿಗೆ ಮನೆದೇವರ ನೆನಪಾಗುವುದು ಸಹಜ. ಇವೆಲ್ಲವನ್ನೂ ಗೆದ್ದವನ ದವಡೆಗೆ ಎಣ್ಣೆ ಒಯ್ಯುವ ರಬ್ಬರ್ ಹೋಸನ್ನು ಯಾವುದೋ ಬಡಕಲು ಕೊಂಬೆ ಕಿತ್ತು ಎಣ್ಣೆಯ ಅಭಿಷೇಕ ಮಾಡಿಸುವುದುಂಟು.

ಕೊಳ್ಳುವವರು ದವಡೆಯ ಅಗಲಕ್ಕೆ ಮರುಳಾಗುವ ಮೊದಲು ಲೋಡರಿನ ತಾಕತ್ತನ್ನು ನೋಡಿಕೊಳ್ಳಲಿ. ಕೊಂಡವರು ಹೊರೆಯನ್ನು ನೆಲಕ್ಕೆ ಹತ್ತಿರವಾಗಿಯೇ ಸಾಗಿಸಲಿ.