ಹೆಸರಿನ ದಾಯಾದಿಗಳು

ಸಂಪಿಗೆ ರಸ್ತೆ ಮಲ್ಲೇಶ್ವರದ ಎರಡು ಉದ್ದನೆಯ ರಸ್ತೆಗಳಲ್ಲಿ ಒಂದು. ಅದರ ಜೋಡಿ ಮಾರ್ಗೋಸಾ ರಸ್ತೆ, ಅಂದರೆ ಬೇವಿನ ಮರದ ರಸ್ತೆ. ಒಂದಕ್ಕೆ ಕನ್ನಡದ ಹೂವು, ಇನ್ನೊಂದಕ್ಕೆ ಇಂಗ್ಲಿಷಿನ ಬೇವು. ಯುಗಾದಿಯ ತಟ್ಟೆಯಲ್ಲಿ ಬೆಲ್ಲ ಇರಬೇಕಾದ ಕಡೆ ಇಲ್ಲಿ ಸಂಪಿಗೆ ಕೂತಿದೆ. ಇವೆರಡನ್ನೂ ಅಡ್ಡಡ್ಡ ಹಾಯುವ ಕ್ರಾಸುಗಳಿಗೆ ಹೆಸರಿಡುವ ಹೊತ್ತಿಗೆ ಇಡುವವರಿಗೆ ಸುಸ್ತಾಗಿರಬೇಕು, ಬರೀ ನಂಬರು ಕೊಟ್ಟು ಕೈತೊಳೆದುಕೊಂಡರು. ಹೀಗಾಗಿ ಎಂಟನೇ ಕ್ರಾಸ್ ಅಂದರೆ ಮಲ್ಲೇಶ್ವರದವರಿಗೆ ಹೂವು, ಸೀರೆ, ಹಬ್ಬದ ಮುಂಚಿನ ನೂಕುನುಗ್ಗಲು. ಅದೇ ಮಾತನ್ನು ಜಯನಗರದಲ್ಲೋ ರಾಜಾಜಿನಗರದಲ್ಲೋ ಆಡಿದರೆ ಎದುರಿನವರು ಕೇಳುವುದು ಒಂದೇ: "ಎಲ್ಲಿಯ ಎಂಟನೇ ಕ್ರಾಸು?" ಸಾಲದು ಎಂಬಂತೆ ಮಲ್ಲೇಶ್ವರದಲ್ಲೇ ಎಂಟನೇ ಮೇನ್ ಕೂಡ ಇದೆ. ಎಂಟನೇ ಕ್ರಾಸಿನಲ್ಲಿ ಕಾಯುತ್ತೇನೆ ಎಂದವರು ಎಂಟನೇ ಮೇನಿನಲ್ಲಿ ನಿಂತು ಕಾಲು ನೋಯಿಸಿಕೊಳ್ಳುವುದು ಅಲ್ಲಿ ಹೊಸದಲ್ಲ.

2014ರ ಮಾರ್ಚ್ 1ರಂದು ಈ ರಸ್ತೆಯ ಹೆಸರು ನಮ್ಮ ಮೆಟ್ರೊಗೂ ಹತ್ತಿತು. ನಿಲ್ದಾಣದ ಈಗಿನ ಪೂರ್ತಿ ಹೆಸರು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ. ಅದು ಇರುವುದು ರಸ್ತೆಯ ದಕ್ಷಿಣದ ತುದಿಯಲ್ಲಿ. ರಸ್ತೆಯೋ ಕ್ರಾಸಿನ ಮೇಲೆ ಕ್ರಾಸು ದಾಟುತ್ತ ಉತ್ತರಕ್ಕೆ ಹೋಗುತ್ತದೆ. ಹದಿನೈದನೇ ಕ್ರಾಸಿನ ಮನೆಗೆ ಮದುವೆ ಕರೆಯೋಲೆ ಹಿಡಿದು ಬಂದವರು "ಸಂಪಿಗೆ ರಸ್ತೆಯಲ್ಲಿ ಇಳಿದಿದ್ದೇವೆ" ಎಂದು ಫೋನು ಮಾಡುತ್ತಾರೆ. "ಬನ್ನಿ, ಬನ್ನಿ, ನಮ್ಮ ಮನೆಯೂ ಸಂಪಿಗೆ ರಸ್ತೆಯ ಪಕ್ಕಕ್ಕೇ" ಎಂದು ಆ ಕಡೆಯಿಂದ ಉತ್ತರ. ಇಬ್ಬರೂ ಸುಳ್ಳು ಹೇಳಿಲ್ಲ. ಆದರೆ ಕರೆಯೋಲೆ ಮನೆ ಮುಟ್ಟುವಷ್ಟರಲ್ಲಿ ಮಡಿಕೆ ಬಿದ್ದಿರುತ್ತದೆ.

ಸಂಪಿಗೆಗೆ ಬೇರೆ ಕಡೆಗಳಲ್ಲೂ ದಾಯಾದಿಗಳಿದ್ದಾರೆ. ತುರುವೇಕೆರೆ ತಾಲ್ಲೂಕಿನಲ್ಲಿ ಸಂಪಿಗೆ ಎಂಬ ಊರೇ ಇದೆ. ಬೆಂಗಳೂರಿನ ಸಂಪಂಗಿರಾಮನಗರದಲ್ಲಿರುವುದೂ ಇದೇ ಹೂವು, ತಮಿಳು ತೆಲುಗಿನ ಉಚ್ಚಾರದಲ್ಲಿ. ಅದರ ಪಕ್ಕದ ಸಂಪಂಗಿ ಕೆರೆ ಬತ್ತಿ ಕಂಠೀರವ ಕ್ರೀಡಾಂಗಣವಾಯಿತು. ಕೆರೆ ಬತ್ತಿದರೂ ಹೆಸರಿನ ತೊಂದರೆ ಬತ್ತಲಿಲ್ಲ. ಊರಿನ ಇನ್ನೊಂದು ಕಡೆ ಕಂಠೀರವ ಸ್ಟುಡಿಯೊ ಇದೆ, ಆಟೊ ಹತ್ತಿ "ಕಂಠೀರವ" ಎಂದಷ್ಟೇ ಹೇಳಿದವರು ಆಟದ ಬದಲು ಸಿನಿಮಾದ ಜಾಗ ಸೇರಬಹುದು. ಈ ಗೊಂದಲವೇ ಬೇಡವೆಂದು ಸಸ್ಯವಿಜ್ಞಾನಿಗಳು ಒಂದು ಗಿಡಕ್ಕೆ ಒಂದೇ ಲ್ಯಾಟಿನ್ ಹೆಸರು ಎಂಬ ಕಟ್ಟಳೆ ಮಾಡಿಕೊಂಡರು. ಸಂಪಿಗೆಗೆ ಮಿಕೇಲಿಯ ಚಂಪಕ ಎಂದು ಹೆಸರಿಟ್ಟು, ಶಾಲಾ ಪುಸ್ತಕಗಳಲ್ಲಿ ಅಚ್ಚುಹಾಕಿಸಿ, ಮಕ್ಕಳೆಲ್ಲ ಬಾಯಿಪಾಠ ಮಾಡಿದ ಮೇಲೆ ಮ್ಯಾಗ್ನೋಲಿಯ ಚಂಪಕ ಎಂದು ಬದಲಾಯಿಸಿದರು. ಎಂಟನೇ ಕ್ರಾಸಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೂವಿನವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಮಲ್ಲೇಶ್ವರದ ಹೆಸರು ಕಾಡು ಮಲ್ಲೇಶ್ವರ ಸ್ವಾಮಿಯಿಂದ ಬಂದದ್ದು. ಶಿವಾಜಿಯ ಮಲಸಹೋದರ ವೆಂಕೋಜಿ ದತ್ತಿ ಬಿಟ್ಟ 1669ರ ಶಾಸನದಲ್ಲಿ ಈ ಜಾಗ ಮಲ್ಲಪುರ. ಆಂಧ್ರದ ಕೃಷ್ಣಾ ಜಿಲ್ಲೆಯಲ್ಲೂ ಒಂದು ಮಲ್ಲೇಶ್ವರಂ ಇದೆ. ಶಿವನ ವಿಷಯದಲ್ಲಿ ಯಾರೂ ನಾವೇ ಮೊದಲು ಎನ್ನುವಂತಿಲ್ಲವಾದ್ದರಿಂದ ಇದನ್ನು ಇಲ್ಲಿಗೇ ಬಿಡುವುದು ಒಳ್ಳೆಯದು. ಜಾತ್ರೆಯ ವಿಷಯ ಹಾಗಲ್ಲ. ಕಡಲೆಕಾಯಿ ಪರಿಷೆ ಎಂದರೆ ಬಸವನಗುಡಿ ಎಂಬುದು ತಲೆಮಾರುಗಳ ಮಾತು. ಈಚೆಗೆ ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲೂ ಕಾರ್ತಿಕ ಮಾಸದಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಬಸವನಗುಡಿಯ ಹಳಬರು ಇದನ್ನು ಒಪ್ಪುವುದೂ ಇಲ್ಲ, ಹೋಗದೆ ಇರುವುದೂ ಇಲ್ಲ.

ದೇವರ ನಂತರ ರಾಜರು. ಹಳೆಯ ಮೈಸೂರಿನಲ್ಲಿ ಜಾಗಗಳು ಬೇಕಾದಷ್ಟಿದ್ದವು, ಅರಸರ ಹೆಸರುಗಳು ಮಾತ್ರ ನಾಲ್ಕೈದು. ಅದರ ಫಲ ಕೆ.ಆರ್. ಎಂಬ ಎರಡಕ್ಷರ. ಬೆಂಗಳೂರಿನಲ್ಲಿ ಕೆ.ಆರ್. ಮಾರುಕಟ್ಟೆ, ಕೆ.ಆರ್. ಸರ್ಕಲ್, ಕೆ.ಆರ್. ರಸ್ತೆ, ಕೆ.ಆರ್. ಪುರ. ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಕೆ.ಆರ್. ಮೊಹಲ್ಲಾ, ಮತ್ತೊಂದು ಕೆ.ಆರ್. ಸರ್ಕಲ್. ಮೈಸೂರಿನಿಂದ ಆಚೆ ಕೆ.ಆರ್. ನಗರ. ಮಂಡ್ಯ ಜಿಲ್ಲೆಯಲ್ಲಿ ಕೆ.ಆರ್. ಪೇಟೆ, ಕೆ.ಆರ್.ಎಸ್. ಬಸ್ಸಿನ ಫಲಕದಲ್ಲಿ ಮೊದಲ ಎರಡಕ್ಷರ ಓದಿ ಓಡಿ ಹತ್ತಿದವರು ತರಕಾರಿ ಕೊಳ್ಳುವ ಕಡೆ ಹೋದರೋ ಅಣೆಕಟ್ಟು ನೋಡುವ ಕಡೆ ಹೋದರೋ ಎಂಬುದು ಮೂರನೆಯ ಅಕ್ಷರದ ಮೇಲೆ ನಿಂತಿದೆ. ಇಷ್ಟಾಗಿಯೂ ಕೃಷ್ಣರಾಜ ಒಡೆಯರ್ ಒಬ್ಬರೇ ಅಲ್ಲ. ಮುಮ್ಮಡಿಯವರು 1794ರಿಂದ 1868ರವರೆಗೆ ಬದುಕಿದ್ದವರು, ನಾಲ್ವಡಿಯವರು 1884ರಿಂದ 1940ರವರೆಗೆ. ಅಂದರೆ ಹೆಸರು ಕೊಟ್ಟವರಿಗೇ ಹೆಸರಿನ ದಾಯಾದಿಗಳಿದ್ದರು. ನಾಲ್ವಡಿಯವರ ತಮ್ಮ, ಯುವರಾಜ ನರಸಿಂಹರಾಜ ಒಡೆಯರ್ ಅವರ ಪಾಲಿಗೆ ಎನ್.ಆರ್. ಬಂತು: ಬಸವನಗುಡಿಯ ಪಕ್ಕದಲ್ಲಿ ಎನ್.ಆರ್. ಕಾಲೊನಿ, ಮೈಸೂರಿನಲ್ಲಿ ಎನ್.ಆರ್. ಮೊಹಲ್ಲಾ, ಮಲೆನಾಡಿನಲ್ಲಿ ಎನ್.ಆರ್. ಪುರ.

ಈ ಊರುಗಳಿಗೆ ಮೊದಲು ಬೇರೆ ಹೆಸರುಗಳಿದ್ದವು, ಒಳ್ಳೆಯ ಹೆಸರುಗಳೇ. ಎನ್.ಆರ್. ಪುರ ಹಿಂದೆ ಯಡೇಹಳ್ಳಿ. ಕಾವೇರಿಯ ನೆರೆಗೆ ಸಿಕ್ಕಿ ಜಾಗ ಬದಲಿಸಿದ ಎಡತೊರೆ ಕೆ.ಆರ್. ನಗರವಾಯಿತು. ಕೆ.ಆರ್. ಪೇಟೆ ಹಿಂದೆ ಅತ್ತಿಕುಪ್ಪೆ. ಅದು ಬಿಟ್ಟುಕೊಟ್ಟ ಹೆಸರು ಬೆಂಗಳೂರಿನ ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಲ್ಲಿ ದಿನವೂ ಧ್ವನಿವರ್ಧಕದಲ್ಲಿ ಕೇಳಿಸುತ್ತದೆ. ಕೆ.ಆರ್. ಪೇಟೆಯ ಹಿರಿಯರೊಬ್ಬರು ರೈಲಿನಲ್ಲಿ ತೂಕಡಿಸುತ್ತಿದ್ದರೆ ಊರು ಬಂತೆಂದು ಎದ್ದು ನಿಂತಾರು.

ಚಾಮರಾಜ ಎಂಬ ಹೆಸರಿನ ಲೆಕ್ಕ ಇನ್ನೂ ಸೂಕ್ಷ್ಮ. ಚಾಮರಾಜನಗರ ಮೊದಲು ಅರಿಕುಠಾರ. ಮುಮ್ಮಡಿ ಕೃಷ್ಣರಾಜರು ತಮ್ಮ ತಂದೆ ಹುಟ್ಟಿದ ಊರೆಂದು ತಂದೆಯ ಹೆಸರನ್ನು ಅದಕ್ಕೆ ಇಟ್ಟರು. 1892ರಲ್ಲಿ ತಲೆಯೆತ್ತಿದ ಬೆಂಗಳೂರಿನ ಚಾಮರಾಜಪೇಟೆಗೆ ಹೆಸರು ಕೊಟ್ಟವರು ಆ ಚಾಮರಾಜರಲ್ಲ, ಮುಮ್ಮಡಿಯವರ ದತ್ತುಪುತ್ರ ಚಾಮರಾಜೇಂದ್ರರು. ಹೆಸರು ಒಂದೇ, ಅಜ್ಜನೇ ಬೇರೆ, ಮೊಮ್ಮಗನೇ ಬೇರೆ. ಬೆಂಗಳೂರಿನ ಕಬ್ಬನ್ ಪಾರ್ಕಿಗೂ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಪಾರ್ಕ್ ಎಂಬ ಹೆಸರಿದೆ, ಮೈಸೂರಿನ ಮೃಗಾಲಯ ಶ್ರೀ ಚಾಮರಾಜೇಂದ್ರ ಮೃಗಾಲಯ. ಪಾರ್ಕನ್ನು ಯಾರೂ ಆ ಹೆಸರಿನಿಂದ ಕರೆಯದಿರುವುದು ಸದ್ಯಕ್ಕೆ ಕ್ಷೇಮ. ಇಲ್ಲದಿದ್ದರೆ ಜೋಡಿಗಳು ಹುಲಿ ಬೋನಿನ ಮುಂದೆ ಕಾಯಬೇಕಾಗುತ್ತಿತ್ತು.

ಸಂಸ್ಥೆಗಳಿಗೆ ಬಂದರೆ ಅಕ್ಷರಗಳ ಕಾಟ ಹೆಚ್ಚು. ಬುಲ್ ಟೆಂಪಲ್ ರಸ್ತೆಯ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು ಬಿ.ಎಂ. ಶ್ರೀನಿವಾಸಯ್ಯನವರದು, 1946ರಲ್ಲಿ ಆರಂಭವಾದದ್ದು. ಅಲ್ಲೇ ಹತ್ತಿರದ ಎನ್.ಆರ್. ಕಾಲೊನಿಯಲ್ಲಿ ಬಿ.ಎಂ.ಶ್ರೀ ಪ್ರತಿಷ್ಠಾನವಿದೆ, ಅದು ಬಿ.ಎಂ. ಶ್ರೀಕಂಠಯ್ಯನವರ ಹೆಸರಿನದು. ಯಂತ್ರಶಾಸ್ತ್ರಕ್ಕೂ ನವೋದಯ ಕಾವ್ಯಕ್ಕೂ ನಡುವೆ ಇರುವುದು ಎಸ್ ಮತ್ತು ಶ್ರೀ ಎಂಬಷ್ಟೇ ಅಂತರ. ಮಲ್ಲೇಶ್ವರದ ಎಂ.ಎಲ್.ಎ. ಕಾಲೇಜಿನಲ್ಲಿ ಶಾಸಕರನ್ನು ತಯಾರು ಮಾಡುವುದಿಲ್ಲ. ಅದು ಮಲ್ಲೇಶ್ವರಂ ಲೇಡೀಸ್ ಅಸೋಸಿಯೇಷನ್ನಿನ ಹೆಣ್ಣುಮಕ್ಕಳ ಕಾಲೇಜು. "ನಮ್ಮ ಮಗಳು ಎಂ.ಎಲ್.ಎ.ನಲ್ಲಿ ಇದ್ದಾಳೆ" ಎಂದು ಮಲ್ಲೇಶ್ವರದ ತಾಯಿ ಹೇಳಿದರೆ ಹೊರಗಿನ ಬೀಗರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಎಂ.ಇ.ಎಸ್. ಇನ್ನೂ ನಾಜೂಕಿನದು. ಮಲ್ಲೇಶ್ವರದಲ್ಲಿ ಅದು ಮೈಸೂರು ಎಜುಕೇಷನ್ ಸೊಸೈಟಿ, 1956ರಿಂದ ಮಕ್ಕಳಿಗೆ ಪಾಠ ಹೇಳುತ್ತಿರುವುದು. ಬೆಳಗಾವಿಯಲ್ಲಿ ಅದೇ ಮೂರಕ್ಷರ ಮಹಾರಾಷ್ಟ್ರ ಏಕೀಕರಣ ಸಮಿತಿ, ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂದು ಪಟ್ಟು ಹಿಡಿದಿರುವುದು. ಸೈನ್ಯದ ದಂಡಿನಲ್ಲಿ ಮಿಲಿಟರಿ ಎಂಜಿನಿಯರ್ ಸರ್ವಿಸಸ್. ಬೆಳಗಾವಿಯ ಕಡೆ ಹೆಣ್ಣು ನೋಡಲು ಹೋದ ಮಲ್ಲೇಶ್ವರದ ಹುಡುಗ "ನಾನು ಎಂ.ಇ.ಎಸ್.ನವನು" ಎನ್ನುವ ಮುಂಚೆ ಅರ್ಧ ನಿಮಿಷ ಯೋಚಿಸುವುದು ಒಳ್ಳೆಯದು.

ಕರಾವಳಿಯ ಬ್ಯಾಂಕುಗಳ ಕಥೆ ಮಾತ್ರ ದಾಯಾದಿ ಎಂಬ ಮಾತಿಗೆ ಅಕ್ಷರಶಃ ಹೊಂದುವಂಥದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ತೆರೆದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ತೆರೆದರು. 1925ರಲ್ಲಿ ಉಡುಪಿಯಲ್ಲೇ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಬಂತು. ಮೂರಕ್ಕೂ ಜಿಲ್ಲೆಯ ಹೆಸರೇ ಮುಂದೆ. ಒಂದೇ ಹೆಸರಿನ ಮೂರು ಪೆಟ್ಟಿಗೆಗಳಲ್ಲಿ ದುಡ್ಡು ಇಡುವವರಿಗೆ ತಲೆ ಕೆಡುವುದು ಸಹಜ. ಕಾಲಕ್ರಮದಲ್ಲಿ ಪಿತ್ರಾರ್ಜಿತ ಹೆಸರು ಪಾಲಾಯಿತು: ಒಬ್ಬರು ಕೆನರಾ ಇಟ್ಟುಕೊಂಡರು, ಒಬ್ಬರು ಕಾರ್ಪೊರೇಷನ್ ತೆಗೆದುಕೊಂಡರು, ಕೊನೆಯವರ ಪಾಲಿಗೆ ಸಿಂಡಿಕೇಟ್ ಬಂತು. ಬ್ಯಾಂಕ್ ಎಂಬ ಮಾತು ಮನೆಯ ಬಾವಿಯ ಹಾಗೆ ಮೂವರಿಗೂ ಸೇರಿದ್ದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಹುಟ್ಟಿದಾಗ ಇದ್ದ ಹೆಸರನ್ನು 95 ವರ್ಷಗಳ ನಂತರ ಸುತ್ತಿ ಬಳಸಿ ಮರಳಿ ಸೇರಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಹೋಯಿತು. ಅವಿಭಕ್ತ ಕುಟುಂಬದಲ್ಲಿ ಒಬ್ಬರಾದರೂ ಹೊರಗಿನ ಸಂಬಂಧ ಮಾಡುವುದು ಇದ್ದದ್ದೇ.

ಹೆಸರು ಒಂದೇ ಆದಾಗ ಮೊದಲು ನೆನಪಾಗುವ ಔಷಧ 'ಹೊಸ' ಎಂಬ ಮಾತು. ಸಂಪಿಗೆ ರಸ್ತೆಯಲ್ಲಿ 1954ರಲ್ಲಿ ಶುರುವಾದ ಹೋಟೆಲಿಗೆ ನ್ಯೂ ಕೃಷ್ಣ ಭವನ ಎಂದು ಹೆಸರು. ಊರೂರಿಗೂ ಕೃಷ್ಣ ಭವನಗಳಿದ್ದುದರಿಂದ ಆ 'ನ್ಯೂ' ಬೇಕಿತ್ತು. 2020ರಲ್ಲಿ ಬಾಗಿಲು ಮುಚ್ಚುವ ದಿನವೂ ಅದು ನ್ಯೂ ಆಗಿಯೇ ಇತ್ತು, ಅಲ್ಲಿ ಮೊದಲು ತಿಂಡಿ ತಿಂದವರು ಅಷ್ಟರಲ್ಲಿ ಮುತ್ತಜ್ಜಂದಿರಾಗಿದ್ದರು. ಮಾರ್ಗೋಸಾ ರಸ್ತೆಯ ಸಿ.ಟಿ.ಆರ್. ಬೇರೆ ದಾರಿ ಹಿಡಿಯಿತು. ಫಲಕದ ಮೇಲೆ ಶ್ರೀ ಸಾಗರ್ ಎಂದು ಬರೆದಿದೆ. ಬೆಂಗಳೂರಿನಲ್ಲಿ ಸಾಗರಗಳು ಸಮುದ್ರಕ್ಕಿಂತ ಹೆಚ್ಚಾಗಿರುವುದರಿಂದ ಜನ ಬೆಣ್ಣೆ ಮಸಾಲೆ ದೋಸೆಗೆ ಹಳೆಯ ಮೂರಕ್ಷರವನ್ನೇ ಹೇಳುತ್ತಾರೆ.

ಊರುಗಳಿಗೂ ಇದೇ ಔಷಧ. ಕರ್ನಾಟಕದಲ್ಲಿ ಹೊಸಹಳ್ಳಿ ಎಂದು ಕೂಗಿದರೆ ಯಾವ ತಾಲ್ಲೂಕಿನಿಂದ ಬೇಕಾದರೂ "ಓ" ಎನ್ನಬಹುದು. ಜಗತ್ತು ಈ ವಿಷಯದಲ್ಲಿ ನಮಗಿಂತ ಜಾಣತನ ತೋರಿಸಿಲ್ಲ. ಇಟಲಿಯ ನೇಪಲ್ಸ್ ಗ್ರೀಕರ ನೆಯಾಪೊಲಿಸ್, ಅಂದರೆ ಹೊಸಪೇಟೆ. ರಷ್ಯದ ನೊವ್ಗೊರೊದ್ ಹೊಸಪೇಟೆ. ಫಿನೀಷಿಯನ್ನರ ಭಾಷೆಯಲ್ಲಿ ಕಾರ್ಥೇಜ್ ಎಂದರೂ ಹೊಸಪೇಟೆ. ಸ್ಪೇನಿನ ಕಾರ್ತಹೇನ ಊರನ್ನು ರೋಮನ್ನರು ಹೊಸ ಕಾರ್ಥೇಜ್ ಎಂದು ಕರೆದರು, ಎಂದರೆ ಹೊಸ ಹೊಸಪೇಟೆ. ವಿಜಯನಗರದ ಪಕ್ಕದ ನಮ್ಮ ಹೊಸಪೇಟೆಗೆ ಮೆಡಿಟರೇನಿಯನ್ ದಂಡೆಯುದ್ದಕ್ಕೂ ನೆಂಟರಿದ್ದಾರೆ ಎಂಬುದು ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಗೊತ್ತಾಗುವಂತಿಲ್ಲ. ಬೆಂಗಳೂರು ಕೂಡ ಈ ರೋಗದಿಂದ ಪಾರಾಗಿಲ್ಲ. ಕೆಂಪೇಗೌಡರು ತಮ್ಮ ಪೇಟೆಗೆ ಹೆಸರು ತಂದದ್ದು ಕೊಡಿಗೇಹಳ್ಳಿಯ ಬಳಿಯ ಊರೊಂದರಿಂದ ಎಂಬ ಮಾತಿದೆ, ಆ ಊರು ಪಾಪ, ಹಳೇ ಬೆಂಗಳೂರು ಎನಿಸಿಕೊಂಡಿತು. ಕರಾಚಿಯಲ್ಲಿ ಬೆಂಗಳೂರ್ ಟೌನ್ ಎಂಬ ಬಡಾವಣೆ ಇದೆ.

ಸರ್ಕಾರವೂ ಒಮ್ಮೆ ಕೈ ಹಾಕಿತು. 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಹೆಸರು ತಿದ್ದಿದಾಗ ಬಿಜಾಪುರ ವಿಜಯಪುರವಾಯಿತು. ಛತ್ತೀಸಗಡದ ಬಿಜಾಪುರದ ಜೊತೆಗಿದ್ದ ಗೊಂದಲ ಅಲ್ಲಿಗೆ ಕಳೆಯಿತು. ಆದರೆ ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇತ್ತು. ಹೊರರಾಜ್ಯದ ದಾಯಾದಿಯನ್ನು ಕಳೆದುಕೊಳ್ಳಲು ಹೋಗಿ ಮನೆಯೊಳಗಿನವರೇ ಗಂಟುಬಿದ್ದರು. ಗೋಳಗುಮ್ಮಟಕ್ಕೆಂದು ಹೊರಟವರು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇಳಿದು ಕೂಗಿದರೆ ಪ್ರತಿಧ್ವನಿ ಬರುವುದಿಲ್ಲ.

ತಪ್ಪಿದರೆ ಆಗುವುದೇನು ಎಂಬುದಕ್ಕೆ ಹೊರದೇಶದ ಎರಡು ನಿದರ್ಶನ ಸಾಕು. 2002ರಲ್ಲಿ ಇಂಗ್ಲೆಂಡಿನ ಯುವ ಜೋಡಿಯೊಂದು ಆಸ್ಟ್ರೇಲಿಯದ ಸಿಡ್ನಿಗೆಂದು ಟಿಕೆಟು ತೆಗೆಸಿ ಕೆನಡದ ನೋವಾ ಸ್ಕೋಷಿಯದ ಸಿಡ್ನಿಗೆ ಹೋಗಿ ಇಳಿಯಿತು. 2008ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಸಭೆ ತನ್ನ ನಿವಾಸಿಗಳನ್ನು ಅಭಿನಂದಿಸಿ 7 ಲಕ್ಷ 20 ಸಾವಿರ ಕರಪತ್ರ ಅಚ್ಚುಹಾಕಿಸಿತು, ಅದರ ಮೇಲಿದ್ದದ್ದು ಅಮೆರಿಕದ ಬರ್ಮಿಂಗ್‌ಹ್ಯಾಮಿನ ಚಿತ್ರ. ಪಕ್ಕದ ಮನೆಯ ಮಗುವಿನ ಫೋಟೊ ಹಾಕಿ ನಾಮಕರಣದ ಕರೆಯೋಲೆ ಹಂಚಿದಂತೆ.

ಭಾರತದ ಅಂಚೆ ಇಲಾಖೆ ಇದಕ್ಕೆ ಹುಡುಕಿದ ಉಪಾಯ ಪಿನ್ ಕೋಡ್. ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಈ ಆರಂಕಿಯ ಏರ್ಪಾಡು 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಒಂದೇ ಹೆಸರಿನ ಊರುಗಳು, ಹಲವು ಲಿಪಿಗಳು, ಅಳಿಸಿಹೋದ ವಿಳಾಸಗಳು ಇದರ ಹುಟ್ಟಿಗೆ ಕಾರಣ. ಮಲ್ಲೇಶ್ವರ 560003, ಬಸವನಗುಡಿ 560004, ಚಾಮರಾಜಪೇಟೆ 560018. ಈ ಅಂಕಿಗಳಿಗೆ ದೇಶದಲ್ಲೆಲ್ಲೂ ದಾಯಾದಿಗಳಿಲ್ಲ. ಬಡಾವಣೆಯ ತನಕ ಕಾಗದ ತಪ್ಪದೆ ಬರುತ್ತದೆ. ಅಲ್ಲಿಂದ ಮನೆಯ ತನಕ ಅಂಕಿಗಳಿಂದ ಉಪಯೋಗವಿಲ್ಲ, ಗುರುತು ಬೇಕು. ಆದ್ದರಿಂದಲೇ ಬೆಂಗಳೂರಿನ ಪ್ರತಿ ವಿಳಾಸದ ಕೊನೆಯಲ್ಲಿ 'ಎದುರು', 'ಪಕ್ಕ', 'ಹಿಂಭಾಗ' ಎಂಬ ಸಾಲು ಇರುತ್ತದೆ. ಆ ಸಾಲಿನಲ್ಲಿ ಬರುವುದು ಹೆಚ್ಚಾಗಿ ಗಣೇಶನ ಗುಡಿ, ಇಲ್ಲವೇ ಅಯ್ಯಂಗಾರ್ ಬೇಕರಿ. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಶುರುಮಾಡಿದ ಈ ಬೇಕರಿಗಳಿಗೆ ಒಬ್ಬ ಯಜಮಾನನೂ ಇಲ್ಲ, ಒಂದು ಕಂಪನಿಯೂ ಇಲ್ಲ. ಹೆಸರು ಮಾತ್ರ ಒಂದೇ, ಖಾರಾ ಬನ್ನಿನ ವಾಸನೆಯೂ ಒಂದೇ. ಫೋನಿನಲ್ಲಿ ದಾರಿ ಹೇಳುವವರು "ಅಯ್ಯಂಗಾರ್ ಬೇಕರಿ ಕಾಣಿಸ್ತಾ? ಅಲ್ಲೇ ಎಡಕ್ಕೆ ತಿರುಗಿ" ಎನ್ನುತ್ತಾರೆ. ಕೇಳುವವರಿಗೆ ಖಂಡಿತ ಕಾಣಿಸುತ್ತದೆ. ಎಡಕ್ಕೆ ತಿರುಗುತ್ತಾರೆ. ತಿರುಗಿದ ಬೀದಿಯ ಕೊನೆಯಲ್ಲಿ ಇನ್ನೊಂದು ಇರುತ್ತದೆ.