ಚಿಪ್ಸ್ ಪೊಟ್ಟಣದ ಪೌರತ್ವ

(ಪಣಜಿ–ತಾಳಗಾಂವ್ ಗಡಿಯ ಕಾಂಪೌಂಡೊಂದರ ಬುಡದಲ್ಲಿ, ಒಳಮೈ ಬೆಳ್ಳಿಯಂತೆ ಹೊಳೆಯುತ್ತ, ಮೂಲೆಗೆ ಖಾರದ ಪುಡಿ ಅಂಟಿಸಿಕೊಂಡು ಬಿದ್ದಿದ್ದ ಖಾಲಿ ಚಿಪ್ಸ್ ಪೊಟ್ಟಣದ ಸಂದರ್ಶನ.)

ಪ್ರಶ್ನೆ: ತಾವು ಯಾವ ಊರಿನವರು?

ಪೊಟ್ಟಣ: ಅದು ಗಾಳಿಗೆ ಬಿಟ್ಟದ್ದು. ಉತ್ತರಕ್ಕೆ ತಳ್ಳಿದರೆ ಪಣಜಿ ಮಹಾನಗರಪಾಲಿಕೆಯ ಪ್ರಜೆ, ದಕ್ಷಿಣಕ್ಕೆ ತಳ್ಳಿದರೆ ತಾಳಗಾಂವ್ ಪಂಚಾಯಿತಿಯ ಪ್ರಜೆ. ಅಂಗೈಯಗಲದ ಗೋವಾದಲ್ಲಿ 191 ಗ್ರಾಮ ಪಂಚಾಯಿತಿ, 13 ಪುರಸಭೆ, ಒಂದು ಮಹಾನಗರಪಾಲಿಕೆ. ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಿ ಎಂದ 2016ರ ಕೇಂದ್ರದ ನಿಯಮ, ಉಪನಿಯಮಗಳನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟಿತು. ಅಷ್ಟು ಸಾಕಾಯಿತು. ಪಣಜಿ ವಿಂಗಡಣೆಯನ್ನು 16 ಬಗೆಯವರೆಗೆ ಒಯ್ದಿತು. ಪಂಚಾಯಿತಿಗಳಲ್ಲಿ ಬಹಳ ಕಡೆ ಹಸಿ, ಒಣ ಎಂಬಲ್ಲಿಗೇ ಲೆಕ್ಕ ಮುಗಿಯುತ್ತದೆ. ಬೀದಿಯ ಆ ಬದಿ ನನಗೊಂದು ಜಾತಿಯುಂಟು, ಈ ಬದಿ ನಾನು ಬರೀ ‘ಒಣ’.

ಪ್ರಶ್ನೆ: ಸ್ವಾಯತ್ತತೆ ಎಂದರೆ ಇದೇ ಅಲ್ಲವೇ? ಗೇರುತೋಟಗಳ ಸತ್ತರಿಗೂ ಹೋಟೆಲುಗಳ ಕಲಂಗುಟೆಗೂ ಒಂದೇ ಅಳತೆ ಏಕೆ?

ಪೊಟ್ಟಣ: ಹಸಿ ಕಸದ ಮಟ್ಟಿಗೆ ನಿಮ್ಮ ಮಾತು ಅರ್ಧ ಸರಿ. ಹಿತ್ತಲಿದ್ದವರ ಮೀನಿನ ಮುಳ್ಳು, ಹಲಸಿನ ಸಿಪ್ಪೆ ತೆಂಗಿನ ಬುಡದಲ್ಲೇ ಗೊಬ್ಬರವಾಗಲಿ, ಫ್ಲಾಟಿನವರದು ಗಾಡಿ ಹತ್ತಲಿ. ಆದರೆ ಗಾಡಿ ಹತ್ತಿದ್ದಕ್ಕೆ ಗಡಿಯಿಲ್ಲ. 2016ರಲ್ಲೇ ಶುರುವಾದ ಸಾಳಗಾಂವ್ ಕಸ ಸಂಸ್ಕರಣಾ ಘಟಕಕ್ಕೆ ಕರಾವಳಿ ಪಂಚಾಯಿತಿಗಳ ಹಸಿ ಕಸವೂ ಬರುತ್ತದೆ, ಪಣಜಿಯದೂ ಬಂದಿದೆ. ಒಬ್ಬರು ಆರಿಸಿ ಕಳಿಸಿದ ಸಿಪ್ಪೆಯ ಮೇಲೆ ಇನ್ನೊಬ್ಬರು ಕಲಬೆರಕೆ ಸುರಿದರೆ ಮೊದಲಿನವರ ಶ್ರಮ ನೀರಿನಲ್ಲಿ ಹೋಮ. ಇನ್ನು ನನ್ನ ವಿಷಯ. ಪ್ಲಾಸ್ಟಿಕ್ಕಿಗೆ ಲೋಹದ ಲೇಪ ಬಳಿದು ಹುಟ್ಟಿಸಿರುವುದರಿಂದ ಗುಜರಿಯವನೂ ನನ್ನನ್ನು ಮೂಸಿ ನೋಡುವುದಿಲ್ಲ. ಎಲ್ಲಿ ಎತ್ತಿದರೂ, ಬೇಲು ಕಟ್ಟಿಸಿಕೊಂಡು ಘಟ್ಟ ಹತ್ತಿ ನಿಮ್ಮ ಕರ್ನಾಟಕದ ಸಿಮೆಂಟ್ ಕಾರ್ಖಾನೆಯಲ್ಲಿ ಉರಿಯುವುದೇ ನನ್ನಂಥವರ ಗತಿ. ಹೋಗುವ ಜಾಗ ಒಂದೇ ಆದಮೇಲೆ ಹೆಸರು, ವಾರ, ಚೀಲ ಮಾತ್ರ ಊರೂರಿಗೂ ಬದಲಾಗುವುದರಲ್ಲಿ ಯಾವ ಸ್ವಾಯತ್ತತೆ? ‘ಇವತ್ತು ಒಣ ಕಸದ ದಿನವಲ್ಲ’ ಎನ್ನಿಸಿಕೊಂಡ ಚೀಲ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕೂತು ಗಡಿ ದಾಟುತ್ತದೆ. ಹೆದ್ದಾರಿ ಬದಿಯ ಅಂಥ ಚೀಲಗಳನ್ನು ಹೆಕ್ಕಲು ರಾಜ್ಯದ ತ್ಯಾಜ್ಯ ನಿರ್ವಹಣಾ ನಿಗಮ ಗಾಡಿ ಓಡಿಸಬೇಕಾಗಿ ಬಂದಿದೆ.

ಪ್ರಶ್ನೆ: ಹಾಗಾದರೆ ಎಲ್ಲರಿಗೂ ಎರಡೇ ಬುಟ್ಟಿ ಇರಲಿ. 16 ಎಂದರೆ ಜನ ಬೇಸತ್ತು ಎಲ್ಲವನ್ನೂ ಕಲೆಸಿಬಿಡುತ್ತಾರೆ.

ಪೊಟ್ಟಣ: ಜನರ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಪಣಜಿಯವರೇನು ಆಕಾಶದಿಂದ ಇಳಿದವರಲ್ಲ. ಪಾಲಿಕೆ ಬೀದಿ ತೊಟ್ಟಿಗಳನ್ನು ತೆಗೆದು ಮನೆ ಬಾಗಿಲಿಗೆ ಆಳು ಕಳಿಸಿತು, ವಸತಿ ಸಮುಚ್ಚಯಗಳಲ್ಲಿ ಗೊಬ್ಬರದ ತೊಟ್ಟಿ ಕೂರಿಸಿತು. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಣಜಿಯನ್ನು ಆಲಪ್ಪುಳ, ಮೈಸೂರುಗಳ ಜೊತೆ ದೇಶದ ಮೇಲ್ಪಂಕ್ತಿಯಲ್ಲಿ ಕೂರಿಸಿತು. ಬೇರೆ ಮಾಡಿ ಕೊಟ್ಟದ್ದನ್ನು ಕಣ್ಣೆದುರೇ ಒಂದೇ ಗಾಡಿಗೆ ಸುರಿದರೆ ಎರಡು ಬುಟ್ಟಿಯೂ ಹೆಚ್ಚೇ. ಪಂಚಾಯಿತಿಗೆ ಹಣವಿಲ್ಲ, ವಿಂಗಡಣೆಯ ಶೆಡ್ಡಿಗೆ ಜಾಗವಿಲ್ಲ ಎನ್ನಬಹುದು, ಒಪ್ಪಿದೆ. ಅದಕ್ಕೇ ಅಕ್ಕಪಕ್ಕದವರು ಒಂದೇ ಶೆಡ್ಡು, ಒಂದೇ ವೇಳಾಪಟ್ಟಿ ಇಟ್ಟುಕೊಳ್ಳಲಿ. ಮನೆಯಲ್ಲಿ ಮೂರು ಸಾಕು, 16ರ ಕೆಲಸ ಶೆಡ್ಡಿನಲ್ಲಿ ಸಂಬಳ ಪಡೆಯುವವರಿಗಿರಲಿ. 2024ರ ಆಗಸ್ಟಿನಲ್ಲಿ ಗೋವಾ ಸರ್ಕಾರ ಅಧಿಸೂಚಿಸಿದ ಠೇವಣಿ ಮರುಪಾವತಿ ಯೋಜನೆ (ಖಾಲಿ ಪೊಟ್ಟಣ ಮರಳಿಸಿದರೆ ಠೇವಣಿ ವಾಪಸ್) ಇಡೀ ರಾಜ್ಯಕ್ಕೆ ಒಂದೇ. ನನ್ನಂಥ ಪದರದ ಪೊಟ್ಟಣಗಳೂ ಅದರಲ್ಲಿವೆ. ಮನೆಯ ಕಸಕ್ಕೂ ಹಾಗೆಯೇ ರಾಜ್ಯಕ್ಕೆಲ್ಲ ಒಂದೇ ವಿಂಗಡಣೆಯ ಪಟ್ಟಿ ಬಂದರೆ ಯಾವ ಸರಪಂಚರ ಕುರ್ಚಿಯೂ ಅಲುಗುವುದಿಲ್ಲ.